ಗಣಿತ-ವಿಜ್ಞಾನ ಕಲಿಕೆ ಮತ್ತು ಹೆಣ್ಣುಮಕ್ಕಳು: ಒಂದು ಹಿನ್ನೋಟ

“ಮೇಷ್ಟ್ರೇ, ಹೆಣ್ಣುಹುಡುಗಿ. ಲೆಕ್ಕದಲ್ಲಿ ಪಾಸಾದರೆ ಸಾಕು.”

ನಾನು ಈ ಶಾಲೆಯಲ್ಲಿ ಗಣಿತ, ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದಲ್ಲಿ ಪೋಷಕರ ಸಭೆಯಲ್ಲಿ ಎಷ್ಟೋ ಸಲ ಕೇಳಿದ ಮಾತಿದು. ಅದೇ ತಂದೆ ಮಗನನ್ನು ಶಾಲೆಗೆ ಸೇರಿಸಲು ಬಂದಾಗ, “ನಾಲ್ಕು ಏಟು ಕೊಟ್ಟಾದರೂ ಇವನಿಗೆ ಲೆಕ್ಕ ಕಲಿಸಿ” ಎನ್ನುತ್ತಿದ್ದರು. ಇಬ್ಬರೂ ಒಂದೇ ಮನೆಯ ಮಕ್ಕಳು. ಹೆಣ್ಣುಮಕ್ಕಳ ತಲೆಗೆ ಲೆಕ್ಕ ಹತ್ತುವುದಿಲ್ಲ ಎಂಬ ಈ ನಂಬಿಕೆ ಎಲ್ಲಿಂದ ಬಂತು? ಅದು ನಿಜವೇ? ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಅದರ ಚರಿತ್ರೆಯನ್ನು ಸ್ವಲ್ಪ ತಿರುಗಿ ನೋಡುವುದು ಉಚಿತವೆಂದು ಭಾವಿಸಿದ್ದೇನೆ.

ದೂರ ಹೋಗಬೇಕಾಗಿಲ್ಲ, ನಮ್ಮ ಬೆಂಗಳೂರಿನಿಂದಲೇ ಆರಂಭಿಸಬಹುದು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಪದವೀಧರೆ ಕಮಲಾ ಭಾಗವತ್ ಅಲ್ಲಿ ಸಂಶೋಧನೆಗೆ ಅರ್ಜಿ ಹಾಕಿದರು. ಅವರ ತಂದೆ ಮತ್ತು ಚಿಕ್ಕಪ್ಪ ಅದೇ ಸಂಸ್ಥೆಯಲ್ಲಿ ಓದಿದವರು. ಕಮಲಾ ಅವರಿಗೆ ಅಂಕಗಳ ಕೊರತೆಯೂ ಇರಲಿಲ್ಲ. ಆದರೂ ಅರ್ಜಿ ತಿರಸ್ಕೃತವಾಯಿತು. ಕಾರಣ ಒಂದೇ, ಅವರು ಹೆಣ್ಣು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ.ವಿ. ರಾಮನ್.

ಕಮಲಾ ಸುಮ್ಮನೆ ಊರಿಗೆ ಮರಳಲಿಲ್ಲ. ಬೆಂಗಳೂರಿಗೇ ಬಂದು, ತನ್ನನ್ನು ಸೇರಿಸಿಕೊಳ್ಳಲೇಬೇಕೆಂದು ಪಟ್ಟು ಹಿಡಿದರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ದೊರೆಯಿತು. ಮೊದಲ ವರ್ಷ ಪರೀಕ್ಷಾರ್ಥ, ಕೆಲಸ ತೃಪ್ತಿಕರವಾದರೆ ಮಾತ್ರ ಮಾನ್ಯತೆ, ಗಂಡು ವಿದ್ಯಾರ್ಥಿಗಳ ಗಮನಕ್ಕೆ ಭಂಗ ತರಬಾರದು. ಗಂಡುಮಕ್ಕಳಿಗಿಲ್ಲದ ಷರತ್ತುಗಳನ್ನು ಒಪ್ಪಿಕೊಂಡು ಅವರು ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ದುಡಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರಿಗೂ ಅವರ ಸಾಮರ್ಥ್ಯ ಮನವರಿಕೆಯಾಯಿತು. ಆಮೇಲೆ ಹೆಣ್ಣುಮಕ್ಕಳಿಗೆ ಸಂಸ್ಥೆಯ ಬಾಗಿಲು ತೆರೆಯಿತು. ಕಮಲಾ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಜೀವರಸಾಯನ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ.

ತೆರೆದ ಬಾಗಿಲಿನಿಂದ ಬಂದವರಲ್ಲಿ ಅಣ್ಣಾ ಮಣಿ ಒಬ್ಬರು. 1940ರಲ್ಲಿ ರಾಮನ್ ಅವರ ಪ್ರಯೋಗಾಲಯ ಸೇರಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳ ಬಗ್ಗೆ ಐದು ಪ್ರಬಂಧಗಳನ್ನು ಪ್ರಕಟಿಸಿದರು. ಆದರೂ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಪಿಎಚ್.ಡಿ. ಸಿಗಲಿಲ್ಲ. ಅವರು ಕೊರಗುತ್ತ ಕೂರಲಿಲ್ಲ. ಹವಾಮಾನ ಇಲಾಖೆ ಸೇರಿ, ವಿದೇಶದಿಂದ ತರಿಸುತ್ತಿದ್ದ ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳು ನಮ್ಮ ದೇಶದಲ್ಲೇ ತಯಾರಾಗುವಂತೆ ಮಾಡಿದರು.

ಮೂರನೆಯವರು ನಮ್ಮ ನಾಡಿನವರೇ ಆದ ರಾಜೇಶ್ವರಿ ಚಟರ್ಜಿ. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು, ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಬಿ.ಎಸ್ಸಿ. ಆನರ್ಸ್ ಹಾಗೂ ಎಂ.ಎಸ್ಸಿ. ಎರಡರಲ್ಲೂ ವಿಶ್ವವಿದ್ಯಾನಿಲಯಕ್ಕೆ ಮೊದಲಿಗರಾದರು. ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿ, ಮುಂದೆ ತಮ್ಮ ವಿಭಾಗದ ಮುಖ್ಯಸ್ಥೆಯಾದರು. ಅಜ್ಜಿ ಓದಿದ್ದರಿಂದ ಮೊಮ್ಮಗಳಿಗೆ ದಾರಿ ಸುಗಮವಾಯಿತು ಎಂಬುದನ್ನು ಇಲ್ಲಿ ಗಮನಿಸಬೇಕು.

ಇವರೆಲ್ಲ ಅಸಾಮಾನ್ಯರು, ನಮ್ಮ ಹಳ್ಳಿಯ ಮಕ್ಕಳಿಗೂ ಇವರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಆಗ ಪಠ್ಯಕ್ರಮದ ಚರಿತ್ರೆಯನ್ನು ನೋಡಬೇಕು. ಹಿಂದೆ ದೇಶದ ಎಷ್ಟೋ ಪ್ರೌಢಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಗೃಹವಿಜ್ಞಾನ, ಹೊಲಿಗೆ, ಸಂಗೀತವೇ ತಕ್ಕ ವಿಷಯಗಳೆಂಬ ಭಾವನೆ ಇತ್ತು. ಬೀಜಗಣಿತ, ಭೌತವಿಜ್ಞಾನ ಅವರ ಪಾಲಿಗೆ ಬರುತ್ತಿದ್ದುದೇ ಕಡಿಮೆ. ಕಲಿಸದೆ ಇದ್ದುದನ್ನು ಅವರು ಕಲಿಯಲಿಲ್ಲ. ಕಲಿಯಲಿಲ್ಲವಾದ್ದರಿಂದ ಅವರಿಗೆ ಬರುವುದಿಲ್ಲ ಎಂದು ಜನ ತೀರ್ಮಾನಿಸಿದರು.

1960ರ ದಶಕದ ಆರಂಭದಲ್ಲಿ ಹಂಸಾ ಮೆಹ್ತಾ ಅವರ ಅಧ್ಯಕ್ಷತೆಯ ಸಮಿತಿ, ಗಂಡು-ಹೆಣ್ಣೆಂಬ ಆಧಾರದ ಮೇಲೆ ಪಠ್ಯದಲ್ಲಿ ಭೇದ ಮಾಡಬಾರದೆಂದು ಹೇಳಿತು. 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗ ಅದನ್ನು ಒಪ್ಪಿತು. ಗೃಹವಿಜ್ಞಾನವನ್ನು ಹೆಣ್ಣುಮಕ್ಕಳಿಗೆ ಕಡ್ಡಾಯ ಮಾಡಬಾರದು, ಗಣಿತ-ವಿಜ್ಞಾನ ಓದಲು ಅವರನ್ನು ಪ್ರೋತ್ಸಾಹಿಸಬೇಕು, ಆ ವಿಷಯಗಳಿಗೆ ಶಿಕ್ಷಕಿಯರನ್ನು ತಯಾರು ಮಾಡಬೇಕು ಎಂದಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ, ಶಾಲಾ ಹಂತ ಮುಗಿಯುವವರೆಗೆ ಗಣಿತ ಮತ್ತು ವಿಜ್ಞಾನ ಸಾಮಾನ್ಯ ಶಿಕ್ಷಣದ ಅಂಗವಾಗಿರಬೇಕೆಂದು ಸಾರಿತು. ನಮ್ಮ ಶಾಲೆ ಶುರುವಾದದ್ದು ಇದಾದ ಮೇಲೆ. ಹಾಗಾಗಿ ಇಲ್ಲಿ ಓದಿದ ಹೆಣ್ಣುಮಕ್ಕಳು ಮೊದಲ ದಿನದಿಂದಲೂ ಗಂಡುಮಕ್ಕಳು ಓದಿದ ಗಣಿತವನ್ನೇ ಓದಿದರು, ಅದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದರು.

ಫಲ ನಮ್ಮ ಕಣ್ಣ ಮುಂದಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ಮರುದಿನ ಪತ್ರಿಕೆ ತೆರೆದರೆ ‘ಬಾಲಕಿಯರೇ ಮೇಲುಗೈ’ ಎಂಬ ತಲೆಬರಹ ನಮಗೆಲ್ಲ ರೂಢಿಯಾಗಿದೆ. ಹಾಗಿದ್ದೂ ಐಐಟಿಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ತೀರಾ ಕಡಿಮೆಯಿದ್ದ ಕಾರಣ 2018ರಿಂದ ಅವರಿಗಾಗಿ ಹೆಚ್ಚುವರಿ ಸೀಟುಗಳನ್ನು ಕೊಡಬೇಕಾಯಿತು. ಹತ್ತನೆಯ ತರಗತಿಯಲ್ಲಿ ಮುಂದಿದ್ದವರು ಮುಂದಿನ ದಾರಿಯಲ್ಲಿ ಎಲ್ಲಿ ಹಿಂದುಳಿದರು?

ಇದಕ್ಕೆ ಉತ್ತರದ ಒಂದು ಭಾಗ ನನ್ನ ತರಗತಿಯಲ್ಲೇ ಇತ್ತು ಎಂದು ಒಪ್ಪಿಕೊಳ್ಳಬೇಕು. ನಮಗಿದ್ದದ್ದು ಒಂದೇ ಬೀರು ತುಂಬುವಷ್ಟು ಪ್ರಯೋಗ ಸಾಮಗ್ರಿ. ಗುಂಪು ಮಾಡಿ ಪ್ರಯೋಗ ಮಾಡಿಸುವಾಗ ಗಂಡುಹುಡುಗರು ಮುನ್ನುಗ್ಗಿ ಬ್ಯಾಟರಿಗೆ ತಂತಿ ಜೋಡಿಸುತ್ತಿದ್ದರು. ಹುಡುಗಿಯರು ಹಿಂದೆ ನಿಂತು ಅಳತೆ ಬರೆದುಕೊಳ್ಳುತ್ತಿದ್ದರು. ಅವರ ಅಕ್ಷರ ದುಂಡಗಿದೆ, ರೆಕಾರ್ಡ್ ಚೆನ್ನಾಗಿ ಬರೆಯುತ್ತಾರೆ ಎಂದು ನಾನೂ ಹೊಗಳಿದೆ. ಒಂದು ದಿನ ಒಬ್ಬ ಹುಡುಗಿ, “ಸಾರ್, ಒಂದ್ಸಲ ನಾನೂ ಜೋಡಿಸಲಾ?” ಎಂದು ಕೇಳಿದಾಗಲೇ ನನಗೆ ಅರಿವಾದದ್ದು. ಪಠ್ಯದಲ್ಲಿ ಅಳಿಸಿಹೋಗಿದ್ದ ಭೇದವನ್ನು ನಾನು ಬೆಂಚಿನ ಮೇಲೆ ಉಳಿಸಿಕೊಂಡಿದ್ದೆ. ಮರುವಾರದಿಂದ ಪಾಳಿ ಮಾಡಿದೆ. ಅದಕ್ಕೆ ಮೊದಲು ಓದಿಹೋದ ವಿದ್ಯಾರ್ಥಿನಿಯರಲ್ಲಿ ಈ ಲೇಖನದ ಮೂಲಕ ಕ್ಷಮೆ ಕೇಳುತ್ತೇನೆ.

ಉಳಿದ ಭಾಗ ಊರಿನದು. ವಿಜ್ಞಾನ ವಿಭಾಗವಿರುವ ಪಿಯು ಕಾಲೇಜು ದೂರ, ಸಂಜೆಯ ಬಸ್ಸು ತಡ, ಟ್ಯೂಷನ್ನಿಗೆ ಹಣ ಬೇಕು. ಆಗ ಮಗನಿಗೆ ವಿಜ್ಞಾನ, ಮಗಳಿಗೆ ಹತ್ತಿರದಲ್ಲಿ ಯಾವುದಿದೆಯೋ ಅದು ಎಂಬ ತೀರ್ಮಾನ ಎಷ್ಟೋ ಮನೆಗಳಲ್ಲಿ ಆಗಿದೆ. ಅಲ್ಲಿ ಸೋತದ್ದು ಮಗಳ ಬುದ್ಧಿಯಲ್ಲ.

ಕಮಲಾ ಸೊಹೊನಿಯವರಿಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಅವಕಾಶ ಸಿಕ್ಕಿತು, ಅಷ್ಟರಲ್ಲಿ ಒಂದು ಸಂಸ್ಥೆಯ ನಿಯಮವೇ ಬದಲಾಯಿತು. ನಮ್ಮ ಹಳೆಯ ವಿದ್ಯಾರ್ಥಿಗಳು ಈ ಮಹೋತ್ಸವದ ನೆನಪಿಗೆ ಶಾಲೆಗೆ ಏನಾದರೂ ಕೊಡಬೇಕೆಂದಿದ್ದರೆ, ಪ್ರತಿ ಮಗುವಿನ ಕೈಗೂ ಸಿಗುವಷ್ಟು ಪ್ರಯೋಗ ಸಾಮಗ್ರಿ ಕೊಡಿಸಿ. ಪೋಷಕರು ಮುಂದಿನ ಸಭೆಗೆ ಬಂದಾಗ, “ಮಗಳಿಗೂ ಚೆನ್ನಾಗಿ ಲೆಕ್ಕ ಕಲಿಸಿ ಮೇಷ್ಟ್ರೇ” ಎಂದು ಕೇಳಿ. ನಿವೃತ್ತನಾದ ಈ ಗಣಿತದ ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇರೆ ಬೇಕಿಲ್ಲ.