ಮರ ಯಾರ ಸ್ವತ್ತು?



ನಿಮ್ಮ ಮನೆಯ ಹಿತ್ತಲಲ್ಲಿ ಹಕ್ಕಿ ಹಾಕಿದ ಬೀಜದಿಂದ ಒಂದು ಗಂಧದ ಗಿಡ ಹುಟ್ಟಿತೆಂದು ಇಟ್ಟುಕೊಳ್ಳಿ. ಅದು ಯಾರದು? 'ನಮ್ಮದೇ' ಎಂದು ನೀವು ತಟ್ಟನೆ ಹೇಳುತ್ತೀರಿ. ಆದರೆ ಎರಡು ಶತಮಾನಗಳ ಕಾಲ ಮೈಸೂರು ಸೀಮೆಯಲ್ಲಿ ಆ ಉತ್ತರ ಸರಿಯಾಗಿರಲಿಲ್ಲ.

1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮರ ಯಾರ ನೆಲದಲ್ಲೇ ಇರಲಿ, ಅದು ಸರ್ಕಾರದ್ದು ಎಂಬ ಈ ಪದ್ಧತಿ ಮುಂದೆ ಒಡೆಯರ ಕಾಲದಲ್ಲೂ ಉಳಿಯಿತು. ಗಂಧ ಸಂಸ್ಥಾನದ ಬೊಕ್ಕಸದ ಆಧಾರಗಳಲ್ಲೊಂದು. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಗಂಧದ ರಫ್ತು ನಿಂತಾಗ, 1916ರಲ್ಲಿ ಸಂಸ್ಥಾನವೇ ಗಂಧದೆಣ್ಣೆ ತೆಗೆಯಲು ಆರಂಭಿಸಿತು. ಮೈಸೂರಿಗೂ ಕಾರ್ಖಾನೆ ಬಂತು.

ಮರವನ್ನು ಕಾಯಲೆಂದೇ ಇದ್ದ ಈ ನಿಯಮದ ಫಲ ಏನಾಯಿತು? ರೈತನಿಗೆ ಗಂಧದ ಸಸಿ ವರವಾಗುವ ಬದಲು ತಲೆನೋವಾಯಿತು. ಮರ ಕಳುವಾದರೆ ವಿಚಾರಣೆ ಅವನಿಗೇ. ಹಾಗಾಗಿ ಸಸಿ ಕಂಡೊಡನೆ ಕಿತ್ತೆಸೆಯುವವರೂ ಇದ್ದರು. ಕಡೆಗೆ 2001ರಲ್ಲಿ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ನೆಲದ ಒಡೆಯನೇ ಗಂಧದ ಒಡೆಯನಾದ. ನಂಬಿಕೆಯಿಲ್ಲದ ಕಾನೂನು ಮರವನ್ನು ಉಳಿಸಲಾರದು ಎಂಬುದು ಇಲ್ಲಿನ ಮೊದಲ ಪಾಠ.

ಇನ್ನು ಊರೊಳಗಿನ ಮರಗಳ ಮಾತಿಗೆ ಬರೋಣ. ಇವುಗಳಿಗಾಗಿಯೇ 1976ರಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಬಂತು. ಅದರ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. 'ಕಡಿಯುವುದು' ಎಂಬ ಮಾತಿಗೆ ಕಾಯಿದೆ ಕೊಟ್ಟ ಅರ್ಥ ವಿಶಾಲವಾದದ್ದು. ಬುಡದ ಸುತ್ತ ತೊಗಟೆ ಕೆತ್ತುವುದು, ವಿಷ ಹಾಕುವುದು, ಸುಡುವುದು ಕೂಡ ಕಡಿದಂತೆಯೇ. ಏಕೆ ಗೊತ್ತೇ? ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಒಳಪದರದ ಮೂಲಕವೇ ಬೇರಿಗೆ ಇಳಿಯುತ್ತದೆ. ಅದನ್ನು ಸುತ್ತಲೂ ಕತ್ತರಿಸಿದರೆ ಬೇರು ಹಸಿದು, ಮರ ನಿಂತಲ್ಲೇ ಸಾಯುತ್ತದೆ. ಕೊಡಲಿ ಏಟು ಯಾರಿಗೂ ಕೇಳಿಸುವುದಿಲ್ಲ!

ಹಾಗೆಂದು ಕಾಯಿದೆ ಎಲ್ಲ ಮರಕ್ಕೂ ಅಭಯ ನೀಡಿಲ್ಲ. ಒಣಗಿದ, ರೋಗ ಹಿಡಿದ, ಜೀವಕ್ಕೆ ಅಪಾಯ ತರುವ ಅಥವಾ ಸಂಚಾರಕ್ಕೆ ಅಡ್ಡಿಯಾದ ಮರಕ್ಕೆ ಅನುಮತಿ ಸಿಗುತ್ತದೆ. ಕಡಿದವರು ಬದಲಿಗೆ ಗಿಡ ನೆಡಬೇಕು. ಸಾರ್ವಜನಿಕ ಕೆಲಸಕ್ಕಾಗಿ 50ಕ್ಕೂ ಹೆಚ್ಚು ಮರ ಕಡಿಯುವುದಾದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕೆಂಬ ನಿಯಮ ನಂತರದ ತಿದ್ದುಪಡಿಯಿಂದ ಸೇರಿತು.

ಈ 50ರ ಗೆರೆಯ ಮಹತ್ವವನ್ನು ಮೈಸೂರು ಎರಡು ಸಲ ಕಂಡಿದೆ. 2021ರಲ್ಲಿ ಲಲಿತಮಹಲ್ ಅರಮನೆಯ ಬಳಿ ಹೆಲಿಪ್ಯಾಡ್ ನಿರ್ಮಿಸಲು 600ಕ್ಕೂ ಹೆಚ್ಚು ಮರಗಳನ್ನು ತೆಗೆಯುವ ಪ್ರಸ್ತಾವ ಬಂತು. ಅರಣ್ಯ ಇಲಾಖೆ ಆಕ್ಷೇಪಣೆ ಆಹ್ವಾನಿಸಿತು. ನಾಗರಿಕರು ದೊಡ್ಡ ಸಂಖ್ಯೆಯಲ್ಲಿ ದನಿಯೆತ್ತಿದರು, ಯೋಜನೆ ಕೈಬಿಟ್ಟಿತು. ನಾಲ್ಕು ವರ್ಷಗಳ ನಂತರ, 2025ರ ಏಪ್ರಿಲ್‌ನಲ್ಲಿ, ರಸ್ತೆ ಅಗಲೀಕರಣಕ್ಕಾಗಿ ಹೈದರ್ ಅಲಿ ರಸ್ತೆಯ 40 ಮರಗಳು ಉರುಳಿದವು. ಸಂಖ್ಯೆ 50ರ ಒಳಗಿತ್ತು. ಈ ಸಲ ಜನ ಸೇರಿದ್ದು ಮರ ಬಿದ್ದ ಮೇಲೆ, ಬೋಳಾದ ರಸ್ತೆಯಲ್ಲಿ.

'ಒಂದಕ್ಕೆ ಹತ್ತು ಗಿಡ ನೆಟ್ಟರಾಯಿತಲ್ಲ?' ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನೆಡಬೇಕು, ನಿಜ. ಆದರೆ ನೆರಳಿನ ಲೆಕ್ಕ ಬೇರೆ. ಮೊಣಕಾಲೆತ್ತರದ ಹತ್ತು ಸಸಿಗಳ ಎಲೆಗಳೆಲ್ಲ ಸೇರಿದರೂ ಹರಡಿ ನಿಂತ ಒಂದು ಮಳೆಮರದ ಒಂದು ಕೊಂಬೆಗೆ ಸಮವಾಗದು. ಅದು ಆ ಎತ್ತರಕ್ಕೆ ಬರುವಷ್ಟರಲ್ಲಿ ನೀವು ಕಾಲೇಜು ಮುಗಿಸಿ, ನಿಮ್ಮ ಮಕ್ಕಳನ್ನು ಶಾಲೆಗೆ ಸೇರಿಸಿರುತ್ತೀರಿ.

ಹಾಗಾದರೆ ನೀವೇನು ಮಾಡಬಹುದು? ಮರಗಳ ಗಣತಿಯೂ ಈ ಕಾಯಿದೆ ಹೇಳುವ ಕೆಲಸಗಳಲ್ಲೊಂದು. ಅದನ್ನು ನಿಮ್ಮ ಬೀದಿಯಿಂದಲೇ ಆರಂಭಿಸಿ. ಒಂದು ನೋಟ್ ಪುಸ್ತಕ, ಒಂದು ಅಳತೆಯ ಟೇಪು ಸಾಕು. ಮರದ ಹೆಸರು, ಎದೆಯೆತ್ತರದಲ್ಲಿ ಕಾಂಡದ ಸುತ್ತಳತೆ, ಬುಡಕ್ಕೆ ಕಾಂಕ್ರೀಟು ಮೆತ್ತಿದೆಯೇ ಎಂಬುದನ್ನು ಬರೆದಿಡಿ. ನಾಳೆ ಕೊಡಲಿಯವರು ಬಂದಾಗ 'ಅನುಮತಿ ಪತ್ರ ತೋರಿಸಿ' ಎಂದು ವಿನಯದಿಂದ ಕೇಳಲು ಹಿರಿಯರನ್ನು ಕರೆಯಿರಿ.

ಎಣಿಸಿದ ಮರವನ್ನು ಕದ್ದು ಕಡಿಯುವುದು ಅಷ್ಟು ಸುಲಭವಲ್ಲ. ನಿಮ್ಮ ಬೀದಿಯಲ್ಲಿ ಎಷ್ಟು ಮರಗಳಿವೆ, ಹೇಳಬಲ್ಲಿರಾ?