ಅನಾಥಾಶ್ರಮದ ಮಕ್ಕಳೆಲ್ಲ ಅನಾಥರಲ್ಲ: ‘ಪ್ರಾಯೋಜಕತ್ವ’ ಅಂದರೇನು, ಅದು ಎಲ್ಲಿ ಸಿಕ್ಕಿಕೊಳ್ಳುತ್ತಿದೆ?

ಹುಟ್ಟುಹಬ್ಬಕ್ಕೋ, ಹಿರಿಯರ ತಿಥಿಗೋ ಅನಾಥಾಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸುವುದು ನಮ್ಮಲ್ಲಿ ರೂಢಿ. ಆದರೆ ಅಲ್ಲಿ ಸಾಲಾಗಿ ಕೂತ ಎಷ್ಟೋ ಮಕ್ಕಳಿಗೆ ಅಮ್ಮನೋ, ಅಪ್ಪನೋ, ಅಜ್ಜಿಯೋ ಇದ್ದಾರೆ ಅನ್ನೋದು ಊಟ ಹಾಕಿಸಿದವರಿಗೆ ಗೊತ್ತಿರುವುದಿಲ್ಲ.

ಇದಕ್ಕೆ ಪುರಾವೆ ಸಿಕ್ಕಿದ್ದು ಕೋವಿಡ್ ಕಾಲದಲ್ಲಿ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಲೆಕ್ಕದ ಪ್ರಕಾರ, ದೇಶದ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿದ್ದ 2,27,518 ಮಕ್ಕಳ ಪೈಕಿ 1,45,788 ಮಕ್ಕಳನ್ನು ಪೋಷಕರ ಅಥವಾ ಪಾಲಕರ ಬಳಿಗೆ ಕಳಿಸಲಾಗಿತ್ತು. ಅಂದರೆ ನೂರಕ್ಕೆ 64 ಮಕ್ಕಳಿಗೆ ಹೋಗಲು ಒಂದು ಮನೆ ಇತ್ತು. ಹಾಗೆ ಹೋದವರ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡಿ ಎಂದು ಕೋರ್ಟ್ ರಾಜ್ಯಗಳಿಗೆ ಹೇಳಿತು.

ಮನೆ ಇದ್ದ ಮೇಲೆ ಸಂಸ್ಥೆಗೆ ಬಂದಿದ್ದೇಕೆ? ದೊಡ್ಡ ಕಾರಣ ಬಡತನ. ಗಂಡ ತೀರಿಕೊಂಡ ಹೆಂಗಸು ಕೂಲಿಗೆ ಹೋದರೆ ಮಗುವನ್ನು ನೋಡಿಕೊಳ್ಳುವವರಿಲ್ಲ, ಹೋಗದಿದ್ದರೆ ಒಲೆ ಹತ್ತುವುದಿಲ್ಲ. ‘ಅಲ್ಲಾದರೂ ಊಟ, ಶಾಲೆ ಸಿಗುತ್ತೆ’ ಅಂತ ಬಿಟ್ಟು ಬರುತ್ತಾಳೆ.

ಕಾನೂನು ಏನು ಹೇಳುತ್ತದೆ?

2015ರ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ ಸ್ಪಷ್ಟವಾಗಿದೆ: ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ. ಬೇರೆ ದಾರಿಗಳೇನು ಅನ್ನುವುದೂ ಅದೇ ಕಾಯ್ದೆಯಲ್ಲಿದೆ. 44ನೇ ಸೆಕ್ಷನ್ ಫಾಸ್ಟರ್ ಕೇರ್, ಅಂದರೆ ಪೋಷಕತ್ವದ ಬಗ್ಗೆ. ಮಗು ಬೇರೊಂದು ಕುಟುಂಬದಲ್ಲಿ ಬೆಳೆಯುತ್ತದೆ. 45ನೇ ಸೆಕ್ಷನ್ ಪ್ರಾಯೋಜಕತ್ವದ ಬಗ್ಗೆ. ಮಗು ತನ್ನ ಮನೆಯಲ್ಲೇ ಇರುತ್ತದೆ, ಸರ್ಕಾರ ಹಣದ ನೆರವು ಕೊಡುತ್ತದೆ.

ಈ ನೆರವು ಈಗ ಬರುವುದು ಕೇಂದ್ರದ ‘ಮಿಷನ್ ವಾತ್ಸಲ್ಯ’ದ ಅಡಿಯಲ್ಲಿ. 2022ರ ಮಾರ್ಗಸೂಚಿಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ. ಕರ್ನಾಟಕದಂಥ ರಾಜ್ಯಗಳಲ್ಲಿ ಇದರ ಶೇ 60 ಕೇಂದ್ರದ್ದು, ಶೇ 40 ರಾಜ್ಯದ್ದು. ವಿಧವೆ ಅಥವಾ ವಿಚ್ಛೇದಿತ ತಾಯಿಯ ಮಕ್ಕಳು, ನೆಂಟರ ಮನೆಯಲ್ಲಿರುವ ಅನಾಥ ಮಕ್ಕಳು, ತಂದೆ ತಾಯಿ ಮಾರಣಾಂತಿಕ ಕಾಯಿಲೆಗೆ ಬಿದ್ದಿರುವ ಮಕ್ಕಳು ಅರ್ಹರು.

ಪೋಷಕತ್ವದ ನಿಯಮ 2024ರಲ್ಲಿ ಇನ್ನಷ್ಟು ಸಡಿಲವಾಯಿತು. ಮದುವೆಯಾಗದ, ಒಂಟಿಯಾಗಿರುವ ವ್ಯಕ್ತಿಗಳೂ ಈಗ ಪೋಷಕರಾಗಬಹುದು. ಮಗುವನ್ನು ದತ್ತು ಪಡೆಯಲು ಮೊದಲು ಐದು ವರ್ಷ ಕಾಯಬೇಕಿತ್ತು, ಈಗ ಎರಡು ವರ್ಷ ಸಾಕು.

ಸಂಶೋಧನೆ ಏನು ಹೇಳುತ್ತದೆ?

ಈ ವಿಷಯದಲ್ಲಿ ಬಹಳ ಹೆಸರಾದ ಅಧ್ಯಯನ ನಡೆದಿದ್ದು ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ. ಆರು ಸಂಸ್ಥೆಗಳಲ್ಲಿದ್ದ 136 ಪುಟ್ಟ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಅರ್ಧದಷ್ಟು ಮಕ್ಕಳು ಪೋಷಕ ಕುಟುಂಬಗಳಿಗೆ ಹೋದರು, ಉಳಿದವರಿಗೆ ಎಂದಿನ ವ್ಯವಸ್ಥೆಯೇ ಮುಂದುವರಿಯಿತು. ಗುಂಪು ಮಾಡುವುದರಲ್ಲಿ ಯಾರ ಆಯ್ಕೆಯೂ ಇರದ ಕಾರಣ, ಆಮೇಲೆ ಕಂಡ ವ್ಯತ್ಯಾಸಕ್ಕೆ ಕುಟುಂಬವೇ ಕಾರಣ ಎಂದು ಧೈರ್ಯವಾಗಿ ಹೇಳಬಹುದು. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದಲ್ಲಿ, ನಾಲ್ಕೂವರೆ ವರ್ಷದ ಹೊತ್ತಿಗೆ ಕುಟುಂಬಕ್ಕೆ ಹೋದವರ ಸರಾಸರಿ ಐಕ್ಯೂ 81, ಇನ್ನೊಂದು ಗುಂಪಿನದು 73. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಲಾಭ ಹೆಚ್ಚು.

ರೊಮೇನಿಯಾದ ಆ ಸಂಸ್ಥೆಗಳ ಸ್ಥಿತಿ ತೀರಾ ಕೆಟ್ಟದಾಗಿತ್ತು. ಆ ಅಂಕಿಗಳನ್ನು ಹಾಗೇ ತಂದು ನಮ್ಮ ಬಾಲಮಂದಿರಗಳಿಗೆ ಅಂಟಿಸಲಾಗದು. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ 2020ರ ಲ್ಯಾನ್ಸೆಟ್ ಆಯೋಗವೂ ಅದೇ ದಿಕ್ಕನ್ನು ತೋರಿಸಿತು. ಸಂಸ್ಥೆಯಲ್ಲಿ ಬೆಳೆಯುವ ಮಕ್ಕಳ ದೇಹದ ಬೆಳವಣಿಗೆ, ಕಲಿಕೆ, ಗಮನ ಎಲ್ಲವೂ ಹಿಂದೆ ಬೀಳುತ್ತವೆ.

ಹಾಗಾದರೆ ತೊಡಕು ಎಲ್ಲಿ?

ಮೊದಲನೆಯದು ಆದಾಯದ ಮಿತಿ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000, ಪಟ್ಟಣದಲ್ಲಿ 96,000 ರೂಪಾಯಿ ದಾಟಬಾರದು. ಲೆಕ್ಕ ಹಾಕಿ ನೋಡಿ: ದಿನಕ್ಕೆ 300 ರೂಪಾಯಿಯಂತೆ ತಿಂಗಳಿಗೆ 21 ದಿನ ಕೂಲಿ ಸಿಕ್ಕರೆ 6,300 ಆಯಿತು. ಹಳ್ಳಿಯ ಮಿತಿ ತಿಂಗಳಿಗೆ 6,000! ವರ್ಷಪೂರ್ತಿ ಹೀಗೆ ದುಡಿದ ತಾಯಿ ಕಾಗದದ ಮೇಲೆ ‘ಬಡವಳಲ್ಲ’.

ಎರಡನೆಯದು ಜನಬಲ. ಸಂಸ್ಥೆಯಲ್ಲಿ ಮಕ್ಕಳು ಒಂದೇ ಕಟ್ಟಡದಲ್ಲಿರುತ್ತಾರೆ. ಮನೆಗೆ ಕಳಿಸಿದರೆ ಜಿಲ್ಲೆಯ ಮೂಲೆ ಮೂಲೆಗೆ ಹೋಗಿ ನೋಡಬೇಕು. ಪ್ರಕರಣ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದರೆ ಮನೆಯ ಪರಿಸ್ಥಿತಿಯ ತನಿಖೆ 15 ದಿನದಲ್ಲಿ ಮುಗಿಯಬೇಕೆಂದು ಕಾಯ್ದೆಯ 36ನೇ ಸೆಕ್ಷನ್ ಹೇಳುತ್ತದೆ. ಈ ಕೆಲಸದ ಬಹುಪಾಲು ಬೀಳುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕೆಲವೇ ಸಾಮಾಜಿಕ ಕಾರ್ಯಕರ್ತರ ಹೆಗಲ ಮೇಲೆ. ಅವರಲ್ಲಿ ಹೆಚ್ಚಿನವರು ಗುತ್ತಿಗೆ ನೌಕರರು.

ಇದು ಬರೀ ಕಚೇರಿಯ ಸಮಸ್ಯೆ ಅಲ್ಲ. ಎಲ್ಲ ಮನೆಗಳೂ ಸುರಕ್ಷಿತವಲ್ಲ. ಹೊಡೆತ, ಲೈಂಗಿಕ ದೌರ್ಜನ್ಯ, ಬಾಲ್ಯವಿವಾಹದಿಂದ ತಪ್ಪಿಸಿಕೊಂಡು ಬಂದ ಮಗುವನ್ನು ‘ಕುಟುಂಬವೇ ಒಳ್ಳೆಯದು’ ಅಂತ ವಾಪಸ್ ಕಳಿಸಿದರೆ ಅದು ಮತ್ತೊಂದು ಅನ್ಯಾಯ. ಅಂಥವರಿಗೆ ಬಾಲಮಂದಿರ ಬೇಕೇ ಬೇಕು. ಯಾವ ಮಗು ಬಡತನದಿಂದ ಬಂದಿದೆ, ಯಾವುದು ಭಯದಿಂದ ಬಂದಿದೆ ಎಂದು ಬೇರ್ಪಡಿಸಲು ಮನೆ ಬಾಗಿಲಿಗೆ ಹೋಗಿ ಕೂತು ಮಾತಾಡುವ ಮನುಷ್ಯರೇ ಬೇಕು. ಪೋರ್ಟಲ್‌ನಿಂದ ಆಗುವ ಕೆಲಸ ಅಲ್ಲ.

ನೀವೇನು ಮಾಡಬಹುದು?

ನಿಮ್ಮ ಬೀದಿಯಲ್ಲಿ ಇಂಥ ತಾಯಿಯೋ, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯೋ ಇದ್ದರೆ ಈ ಯೋಜನೆಯ ಬಗ್ಗೆ ಹೇಳಿ. ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆಧಾರ್, ಆದಾಯ ಪ್ರಮಾಣಪತ್ರ, ಶಾಲೆಯ ದಾಖಲೆ, ಬ್ಯಾಂಕ್ ಪಾಸ್‌ಬುಕ್, ತಂದೆ ತಾಯಿಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಜೊತೆಗಿರಲಿ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಆಶ್ರಮದಲ್ಲಿ ಊಟ ಹಾಕಿಸುವುದನ್ನು ಬಿಡಬೇಕಿಲ್ಲ. ಆದರೆ ಒಂದು ಅರ್ಜಿ ತುಂಬಿಸಿಕೊಟ್ಟರೆ, ಒಂದು ಮಗು ಆ ಸಾಲಿನಲ್ಲಿ ಕೂರುವುದೇ ತಪ್ಪಬಹುದು.