ವಿದೇಶದಲ್ಲಿ ಕಾರು ಚಲಾಯಿಸಲು ಐಡಿಪಿ: ತಿಳಿದಿರಬೇಕಾದ ಸಂಗತಿಗಳು

ವಿದೇಶ ಪ್ರವಾಸದ ವೇಳೆ ಬಾಡಿಗೆ ಕಾರು ಪಡೆದು ಸ್ವತಃ ಚಲಾಯಿಸಬಯಸುವವರು ಸ್ವದೇಶ ಬಿಡುವ ಮುನ್ನವೇ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ (ಐಡಿಪಿ) ಪಡೆಯುವುದು ಕ್ಷೇಮ. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಅನ್ವಯ ಭಾರತವು ಇದನ್ನು ನೀಡುತ್ತದೆ.

ಎಲ್ಲಿ, ಹೇಗೆ?: ಪ್ರಾದೇಶಿಕ ಸಾರಿಗೆ ಕಚೇರಿಗೆ (ಆರ್‌ಟಿಒ) ನಮೂನೆ 4ಎಯಲ್ಲಿ ಅರ್ಜಿ ಸಲ್ಲಿಸಬೇಕು. ಚಾಲ್ತಿಯಲ್ಲಿರುವ ಚಾಲನಾ ಪರವಾನಗಿ ಹಾಗೂ ಪಾಸ್‌ಪೋರ್ಟ್ ಅಗತ್ಯ. ವೈದ್ಯಕೀಯ ಪ್ರಮಾಣಪತ್ರ ಮತ್ತು ವೀಸಾ ಕಡ್ಡಾಯವೆಂಬ ಷರತ್ತನ್ನು 2021ರ ತಿದ್ದುಪಡಿಯಲ್ಲಿ ಕೈಬಿಡಲಾಯಿತು. 2022ರಲ್ಲಿ ದೇಶಾದ್ಯಂತ ಏಕರೂಪದ, ಕ್ಯೂಆರ್ ಸಂಕೇತವುಳ್ಳ ಪುಸ್ತಿಕೆ ಜಾರಿಗೆ ಬಂತು.

ಅವಧಿ: ಒಂದು ವರ್ಷ ಅಥವಾ ಮೂಲ ಪರವಾನಗಿಯ ಅವಧಿ, ಇವೆರಡರಲ್ಲಿ ಮೊದಲು ಮುಗಿಯುವವರೆಗೆ. ವಿದೇಶದಲ್ಲಿರುವಾಗ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು.

ಎಚ್ಚರಿಕೆ: ಐಡಿಪಿ ಮೂಲ ಪರವಾನಗಿಗೆ ಬದಲಿಯಲ್ಲ, ಎರಡನ್ನೂ ಜೊತೆಗಿರಿಸಿಕೊಳ್ಳಬೇಕು. ಜಪಾನ್ 1949ರ ಮಾದರಿಯ ಪುಸ್ತಿಕೆಯನ್ನಷ್ಟೇ ಒಪ್ಪುತ್ತದೆ. ಚೀನಾ ಐಡಿಪಿಯನ್ನೇ ಮಾನ್ಯ ಮಾಡುವುದಿಲ್ಲ. ಖಾಸಗಿ ಅಂತರಜಾಲ ತಾಣಗಳು ಮಾರುವ 'ಅಂತಾರಾಷ್ಟ್ರೀಯ ಲೈಸೆನ್ಸ್'ಗಳಿಗೆ ಕಾನೂನಿನ ಬಲವಿಲ್ಲ. ಸೂಕ್ತ ಪರವಾನಗಿಯಿಲ್ಲದೆ ಅಪಘಾತ ಸಂಭವಿಸಿದಲ್ಲಿ ದಂಡದ ಜೊತೆಗೆ ವಿಮಾ ಪರಿಹಾರವೂ ಕೈತಪ್ಪಬಹುದು.